ದೊಡ್ಡಮ್ಮ ಎದ್ದು ನೋಡಿ ಕೊಂಡ ಹಾಸಿಗೆ

ದಿನವಿಡೀ ನಿಂತು ಇಸ್ತ್ರಿ ಹಾಕುವ ನಮ್ಮ ದೊಡ್ಡಮ್ಮನಿಗೆ ಮಂಡಿ, ಸೊಂಟ ಎರಡೂ ಕೈಕೊಟ್ಟಿದ್ದವು; ಹಟ ಮಾತ್ರ ಕೈಕೊಟ್ಟಿರಲಿಲ್ಲ. ಹೊಸ ಹಾಸಿಗೆ ಕೊಳ್ಳಲು ನಾನು ಅವರನ್ನು ಕರೆದುಕೊಂಡು ಹೋದಾಗ, ಅಂಗಡಿಯವನು ಎಲ್ಲಕ್ಕಿಂತ ಮೆತ್ತನೆಯದನ್ನು ಅಂಗೈಯಲ್ಲಿ ಒತ್ತಿ, "ನೋಡಿ ಅಮ್ಮಾ, ಬೆಣ್ಣೆ!" ಎಂದ.

"ನೋವಿರೋದು ಅಂಗೈಗಲ್ಲಪ್ಪ" ಎನ್ನುತ್ತ ದೊಡ್ಡಮ್ಮ ಚಪ್ಪಲಿ ಬಿಟ್ಟು ಮಲಗಿಯೇಬಿಟ್ಟರು. ಸುಖವಾಗಿತ್ತು. ಆದರೆ ಏಳಹೋದರೆ ಸೊಂಟ ಹೂತುಹೋಗಿತ್ತು. ನಾನು ಚಾಚಿದ ಕೈಯನ್ನು ತಳ್ಳಿ, ಹಲ್ಲು ಕಚ್ಚಿ ಎದ್ದರು.

ಹೀಗೆ ಒಂದೊಂದರ ಮೇಲೂ ಮಲಗಿ ಎದ್ದರು. ಗಿರಾಕಿಗಳು ಮುಸಿಮುಸಿ ನಕ್ಕರು. ಕೊನೆಗೆ ಮೂಲೆಯಲ್ಲಿದ್ದ, ತುಸು ಗಟ್ಟಿಯಾದ ಹಾಸಿಗೆಯಿಂದ ಸಲೀಸಾಗಿ ಎದ್ದು ನಿಂತರು.

"ಇದನ್ನೇ ಕಟ್ಟಪ್ಪ."

"ಅದು ಅಷ್ಟು ಮೆತ್ತಗಿಲ್ಲಮ್ಮ."

"ಮಲಗಿಸೋ ಹಾಸಿಗೆ ಎಲ್ಲಾ ಕಡೆ ಸಿಗುತ್ತೆ. ನಂಗೆ ಬೆಳಿಗ್ಗೆ ಎಬ್ಬಿಸಿ ಕೆಲಸಕ್ಕೆ ಕಳಿಸೋದು ಬೇಕು."