ಸಾಹುಕಾರನ ಹಗ್ಗದಿಂದ ಅಳೆದ ಓಟ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಎಲ್ಲರೂ ಎಂದರೆ ಅವ್ವ ಮತ್ತು ಅಪ್ಪ, ಇಬ್ಬರೇ. ಅಪ್ಪ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ವಾರಕ್ಕೊಮ್ಮೆ ಮನೆಗೆ ಬರುತ್ತಾನೆ, ಉಂಡು ಮಲಗುತ್ತಾನೆ. ಅವ್ವ ನಾಟಿ ಗುಂಪಿನವಳು. ಸಿದ್ದಾಪುರದ ಕಡೆಯ ಕಾಲುವೆ ನೀರಿನ ಗದ್ದೆಗಳಲ್ಲಿ ಹೆಂಗಸರು ಗುಂಪು ಕಟ್ಟಿಕೊಂಡು, ಎಕರೆಗೆ ಇಷ್ಟು ಎಂದು ಮಾತಾಡಿ ಭತ್ತದ ಸಸಿ ನೆಡುತ್ತಾರೆ. ಬಿ.ಎ. ಮುಗಿಸಿದ ಮೇಲೆ ನಾನೂ ಅವಳ ಪಕ್ಕದಲ್ಲಿ ಒಂದು ಹಂಗಾಮು ನೆಟ್ಟೆ. ಬಗ್ಗಿದವಳು ಎದ್ದು ನಿಂತರೆ ಕಣ್ಣಿಗೆ ಕತ್ತಲು ಬರುತ್ತಿತ್ತು. ಜೀವಮಾನವಿಡೀ ಹೀಗೆ ಬಗ್ಗಿಕೊಂಡಿರುವುದು ನನ್ನಿಂದಾಗದು ಎಂದು ಆ ಹಂಗಾಮಿನಲ್ಲೇ ತೀರ್ಮಾನಿಸಿದೆ.

ಕೇಂದ್ರದ ಸಶಸ್ತ್ರ ಪಡೆಯೊಂದರ ಸಿಪಾಯಿ ಹುದ್ದೆಗೆ ಪರೀಕ್ಷೆ ಬರೆದೆ, ಪಾಸಾದೆ. ಉಳಿದದ್ದು ಓಟ. ಹುಡುಗಿಯರು ಸಾವಿರದ ಆರುನೂರು ಮೀಟರನ್ನು ಎಂಟೂವರೆ ನಿಮಿಷದೊಳಗೆ ಮುಗಿಸಬೇಕು. ಮುಗಿಸಿದವರಿಗೆ ತರಬೇತಿ ಶಿಬಿರ. ಅಲ್ಲಿ ಬೂಟು ಹಾಕಿಕೊಂಡು ಬೆನ್ನಿಗೆ ಭಾರ ಬಿಗಿದುಕೊಂಡು ಇದಕ್ಕಿಂತ ಎಷ್ಟೋ ದೂರ ಓಡಬೇಕು, ಗೋಡೆ ಹಾರಬೇಕು, ಕೆಸರಿನಲ್ಲಿ ತೆವಳಬೇಕು. ಅಪ್ಪ ಮನೆಗೆ ಬಂದಾಗ ಅವನ ಫೋನಿನಲ್ಲಿ ಆ ವಿಡಿಯೋಗಳನ್ನೆಲ್ಲ ನೋಡಿದ್ದೆ. ಕೆಸರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಓಟದ ಬಗ್ಗೆಯೇ ಹೆದರಿಕೆ. ಮತ್ತೊಮ್ಮೆ ಅರ್ಜಿ ಹಾಕಲು ವಯಸ್ಸು ಮೀರುತ್ತಿತ್ತು. ಇದು ತಪ್ಪಿದರೆ ಮತ್ತೆ ಗದ್ದೆಯೇ.

ಊರಿಗೆ ಹತ್ತಿರದ ರಸ್ತೆಯಲ್ಲಿ ಓಡುವಂತಿರಲಿಲ್ಲ. ಮನೆಮನೆಗೂ ಪಾಯಖಾನೆ ಕಟ್ಟಿಸಿಕೊಂಡು, ಅದರಲ್ಲಿ ಕುಳ್ಳು ಕಟ್ಟಿಗೆ ತುಂಬಿಟ್ಟು, ಹೆಂಗಸರು ನಸುಕಿನಲ್ಲಿ ಚರಿಗೆ ಹಿಡಿದು ಬಯಲಿಗೇ ಹೋಗುತ್ತಿದ್ದರು. ರಸ್ತೆಯ ಮೇಲೆ ಸಪ್ಪಳವಾದರೆ ಪಾಪ, ಎದ್ದು ನಿಲ್ಲಬೇಕು. ಮೊದಲ ದಿನ ನಾನು ಓಡಿದ್ದಕ್ಕೆ ಎರಡೂ ಬದಿಗೆ ಸಾಲಾಗಿ ಎದ್ದು ನಿಂತರು, ಯಾರೋ ದೊಡ್ಡ ಸಾಹೇಬರು ಬಂದ ಹಾಗೆ. ಅವ್ವನ ಗುಂಪಿನ ಒಬ್ಬ ಹಿರಿಯಾಕೆ, "ಏ ಹುಡುಗಿ, ನಿನ್ನ ಮಿಲ್ಟ್ರಿ ಅತ್ತಾಗ ಮಾಡ್ಕೋ ಹೋಗ. ನಮ್ಮನ್ನ ಕುಂದ್ರಾಕರ ಬಿಡ!" ಎಂದು ಕೂಗಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಎರಡು ವರ್ಷದ ಹಿಂದೆ ನಾನೂ ಅವರ ನಡುವೆ ಚರಿಗೆ ಹಿಡಿದು ಹೋದವಳೇ. ವಾರಿಗೆಯ ಹುಡುಗಿಯರೆಲ್ಲ ಅಲ್ಲೇ ಹರಟುತ್ತಿದ್ದೆವು. ಅವರು ಒಬ್ಬೊಬ್ಬರಾಗಿ ಮದುವೆಯಾಗಿ ಕುಷ್ಟಗಿಗೋ ಯಲಬುರ್ಗಿಗೋ ಹೋದರು. ನಾನು ಮಾರನೆಯ ದಿನದಿಂದ ತೂಬು ದಾಟಿ ಉಪಕಾಲುವೆಯ ದಂಡೆಗೆ ಹೋದೆ. ಅಲ್ಲಿ ಕೊಕ್ಕರೆಗಳ ಹೊರತು ಯಾರೂ ಇರಲಿಲ್ಲ.

ದಂಡೆಯ ಮೇಲೆ ದೂರ ಅಳೆಯಬೇಕಲ್ಲ. ಫೋನಿನಲ್ಲೇ ಅಳೆಯಬಹುದಿತ್ತು ಎಂದು ಆಮೇಲೆ ಹಲವರು ಹೇಳಿದರು. ಅಪ್ಪನ ಫೋನು ಗಿರಣಿಯಲ್ಲಿರುತ್ತಿತ್ತು. ಅವ್ವನದು ಗುಂಡಿ ಒತ್ತುವ ಫೋನು, ಅದರಲ್ಲಿ ಸ್ಟಾಪ್‌ವಾಚ್ ಒಂದಿತ್ತು ಅಷ್ಟೇ. ಅದೂ ಅಲ್ಲದೆ ನಮ್ಮಲ್ಲಿ ಅಳತೆ ಎಂದರೆ ಹಗ್ಗ. ಅವ್ವನ ಗುಂಪು ನಾಟಿ ಮಾಡುವ ಗದ್ದೆಗಳ ಸಾಹುಕಾರನ ಪಂಪಿನ ಮನೆಯಲ್ಲಿ ಗೋಡೆಯ ಗೂಟಕ್ಕೆ ಒಂದು ನೈಲಾನ್ ಹಗ್ಗ ಸುತ್ತಿಟ್ಟಿರುತ್ತದೆ. ಎರಡೂ ತುದಿಗೆ ಗಂಟು, ಗಂಟಿನಿಂದ ಗಂಟಿಗೆ ಮೂವತ್ಮೂರು ಅಡಿ, ಗುಂಟೆಯ ಲೆಕ್ಕ. ನಾಟಿ ಮುಗಿದ ಸಂಜೆ ಅವನು ಅದರಿಂದಲೇ ಗದ್ದೆ ಅಳೆದು ಕೂಲಿ ಕೊಡುವುದು. ಕಾಲುವೆಗೆ ಇನ್ನೂ ನೀರು ಬಿಟ್ಟಿರದ ಒಂದು ಮಧ್ಯಾಹ್ನ ಆ ಹಗ್ಗ ತಂದೆ. ನೂರಾ ಅರವತ್ತು ಸಲ ಹಾಸಿದರೆ ನನ್ನ ಓಟದ ದೂರ. ಆಚೆ ತುದಿ ಹಿಡಿಯಲು ಒಬ್ಬರು ಬೇಕು. ಯಾರನ್ನು ಕರೆಯಲಿ? ಕರೆದರೆ ಊರೆಲ್ಲ ಸುದ್ದಿ. ಒಂದು ತುದಿಯನ್ನು ಗೂಟಕ್ಕೆ ಕಟ್ಟಿ, ಹಗ್ಗ ಎಳೆದುಕೊಂಡು ಮುಂದೆ ಹೋಗಿ ಗುರುತು ಮಾಡಿ, ಗೂಟ ಕೀಳಲು ಹಿಂದೆ ಬಂದು, ಮತ್ತೆ ಮುಂದೆ ಹೋಗಿ ಬಡಿಯುವುದು. ಬಿಸಿಲು ಇಳಿಯುವವರೆಗೂ ಹಾಗೆ ನನ್ನ ಜೊತೆ ನಾನೇ ಹಗ್ಗ ಹಿಡಿದೆ.

ಮುಚ್ಚಿಟ್ಟು ಕಥೆ ಕಟ್ಟುವ ಬುದ್ಧಿ ನನಗಿಲ್ಲ, ಈಗಲೇ ಹೇಳಿಬಿಡುತ್ತೇನೆ. ಆ ಹಗ್ಗ ಮೂವತ್ಮೂರು ಅಡಿಯದಲ್ಲ. ಎರಡು ಮೊಳ ಉದ್ದವಿತ್ತು. ಉದ್ದದ ಹಗ್ಗದಿಂದ ಅಳೆದರೆ ಗದ್ದೆ ಚಿಕ್ಕದಾಗಿ ಕಾಣುತ್ತದೆ, ಕೂಲಿ ಕಡಿಮೆ ಕೊಡಬಹುದು. ಅದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಅಲ್ಲಿಯವರೆಗೆ ನಾನು ದಿನವೂ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ದೂರ ಓಡುತ್ತಿದ್ದೆ, ದಿನವೂ ಸೋಲುತ್ತಿದ್ದೆ.

ಹೇಗೆ ಓಡಿದರೂ ಸುಮಾರು ಅರ್ಧ ನಿಮಿಷ ತಡ. ಮೊದಮೊದಲು ಇನ್ನೂ ಹೆಚ್ಚಿತ್ತು, ಆಮೇಲೆ ಅರ್ಧ ನಿಮಿಷಕ್ಕೆ ಬಂದು ನಿಂತಿತು. ಮುಂದೆ ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಗೊಬ್ಬರದ ಚೀಲಕ್ಕೆ ಮರಳು ತುಂಬಿ ಬೆನ್ನಿಗೆ ಕಟ್ಟಿಕೊಂಡು ದಂಡೆ ಹತ್ತಿ ಇಳಿದೆ. ಬೇವಿನ ಮರದ ಟೊಂಗೆಗೆ ಜೋತು ಬಿದ್ದೆ. ಬಸ್ಕಿ ಹೊಡೆದೆ. ತೊಡೆಗಳು ಕಲ್ಲಾದವು, ಗಡಿಯಾರ ಮಾತ್ರ ಅಲ್ಲೇ ಇತ್ತು. ಮಳೆಗಾಲದಲ್ಲಿ ದಂಡೆಯ ಕರಿಮಣ್ಣು ಬೂಟಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಸೇರುಗಟ್ಟಲೆ ಭಾರವಾಗುತ್ತಿತ್ತು. ಒಂದು ದಿನ ಬೂಟು ಬಿಚ್ಚಿ ಕಾಲುವೆಗೆ ಎಸೆಯಲು ಕೈ ಎತ್ತಿದ್ದೆ. ಅಪ್ಪ ಕೊಪ್ಪಳದಿಂದ ತಂದುಕೊಟ್ಟ ಬೂಟು ಎಂದು ಕೈ ಇಳಿಸಿದೆ.

ಒಬ್ಬಂಟಿಯಾಗಿ ಓಡುವುದು ಕಷ್ಟವಲ್ಲ. ಒಬ್ಬಂಟಿಯಾಗಿ ಸೋಲುವುದು ಕಷ್ಟ. ಪಕ್ಕದಲ್ಲಿ ಇನ್ನೊಬ್ಬಳು ಇದ್ದು ಅವಳಿಗೂ ತಡವಾಗಿದ್ದರೆ ಇಬ್ಬರೂ ಸೇರಿ ಗಡಿಯಾರಕ್ಕೆ ಬೈಯಬಹುದಿತ್ತು, ಎಲ್ಲೋ ಏನೋ ತಪ್ಪಿದೆ ಎಂದು ಅನುಮಾನ ಪಡಬಹುದಿತ್ತು. ಒಬ್ಬಳೇ ಇದ್ದರೆ ತಪ್ಪೆಲ್ಲ ತನ್ನದೇ. ನನ್ನ ಕಾಲಿನದು, ನನ್ನ ಉಸಿರಿನದು, ನಾನು ಹುಟ್ಟಿದ ಮನೆಯದು. ಓಟ ಮುಗಿದ ಗುರುತಿನ ಹತ್ತಿರ ಮೊಣಕಾಲಿಗೆ ಕೈಕೊಟ್ಟು ನಿಂತು, ಜೋರಾಗಿ ಅತ್ತಿದ್ದೇನೆ. ಕೇಳುವವರು ಯಾರೂ ಇಲ್ಲದಿದ್ದರೆ ಅಳುವುದಕ್ಕೂ ಬೇಸರ ಬರುತ್ತದೆ, ಬೇಗ ಮುಗಿಯುತ್ತದೆ.

ಮನೆಗೆ ಬಂದರೆ ಅವ್ವ ಒಲೆಯ ಮುಂದೆ ಇರುತ್ತಿದ್ದಳು. ನೆನೆಸಿದ ಶೇಂಗಾ ಬಟ್ಟಲಲ್ಲಿ ಇಟ್ಟಿರುತ್ತಿದ್ದಳು. ಒಮ್ಮೆ ನನ್ನ ಮುಖ ನೋಡಿ ಮತ್ತೆ ರೊಟ್ಟಿ ತಟ್ಟಲು ತಿರುಗುತ್ತಿದ್ದಳು. ಎಷ್ಟಾಯಿತು ಎಂದು ಒಂದು ದಿನವೂ ಕೇಳಲಿಲ್ಲ. ಅವಳಿಗೆ ಇದರಲ್ಲಿ ಆಸ್ಥೆಯೇ ಇಲ್ಲ ಎಂದುಕೊಂಡೆ. ಸೋತು ಬಂದರೆ ಗುಂಪಿಗೆ ಎರಡು ಕೈ ಹೆಚ್ಚು, ಅವಳಿಗೇನು ನಷ್ಟ ಎಂದೂ ಅಂದುಕೊಂಡೆ. ಆ ತಿಂಗಳುಗಳಲ್ಲಿ ನಾವಿಬ್ಬರೂ ಉಪ್ಪು, ಖಾರ, ನೀರು ಬಿಟ್ಟು ಬೇರೇನೂ ಮಾತಾಡಿದ ನೆನಪಿಲ್ಲ.

ಭತ್ತ ಹಾಲುಗಟ್ಟುವ ಹೊತ್ತಿಗೆ ಓಟದ ದಿನ ಬಂತು. ಬೇರೆ ಜಿಲ್ಲೆಯ ಮೈದಾನ. ಅಪ್ಪ ಗಂಗಾವತಿಯಲ್ಲಿ ಬಸ್ಸು ಹತ್ತಿಸಿ, "ಆದ್ರ ಆತು, ಆಗದಿದ್ರ ಮನಿ ಐತಿ" ಎಂದ. ಅವನು ಧೈರ್ಯ ಹೇಳಿದ್ದು. ನನಗೆ ಮಾತ್ರ ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಗಿಬಿಟ್ಟಿದೆ ಅನಿಸಿತು.

ಮೈದಾನದಲ್ಲಿ ಹುಡುಗಿಯರು ಅಕಾಡೆಮಿಯ ಹೆಸರಿದ್ದ ಒಂದೇ ಬಣ್ಣದ ಅಂಗಿ ತೊಟ್ಟು, ಗುಂಪುಗುಂಪಾಗಿ ಮೈ ಸಡಿಲಿಸುತ್ತಿದ್ದರು. ನಾಲ್ಕು ಸುತ್ತು. ಸೀಟಿ ಊದಿದರು. ಹೇಗೂ ಸೋಲುವುದೇ ಎಂದು ಮೊದಲಿನಿಂದಲೇ ಇದ್ದಷ್ಟೂ ಶಕ್ತಿ ಹಾಕಿದೆ. ಬಣ್ಣದ ಅಂಗಿಗಳು ಒಂದೊಂದಾಗಿ ಹಿಂದೆ ಉಳಿದವು. ಏಕೆ ಎಂದು ಅರ್ಥವಾಗಲಿಲ್ಲ, ಯೋಚಿಸಲು ಉಸಿರೂ ಇರಲಿಲ್ಲ. ನಾಲ್ಕನೆಯ ಸುತ್ತಿನ ಗೆರೆ ದಾಟಿದೆ. ನಿಲ್ಲಲಿಲ್ಲ. ಇಷ್ಟಕ್ಕೇ ಮುಗಿಯುವುದಿಲ್ಲ ಎಂದು ನನ್ನ ಕಾಲುಗಳಿಗೆ ಗೊತ್ತಿತ್ತು. ಅವು ಇನ್ನೂ ಇದೆ ಎಂದೇ ಓಡುತ್ತಿದ್ದವು. ಖಾಕಿ ತೊಟ್ಟ ಒಬ್ಬ ಹೆಂಗಸು ಹಿಂದೆಯೇ ಓಡಿಬಂದು ರಟ್ಟೆ ಹಿಡಿದಳು. "ಸಾಕು ನಿಲ್ಲವ್ವಾ, ಮುಗೀತು. ಪಾಸಾಗೀದಿ" ಎಂದಳು. ಅಷ್ಟು ತಿಂಗಳ ಓಟದಲ್ಲಿ ಸಾಕು ಎಂದು ನನಗೆ ಹೇಳಿದವಳು ಅವಳೊಬ್ಬಳೇ. ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಮರುದಿನ ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಪಾಸಾದದ್ದು ಕೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ದೂರ ಹೇಗೆ ಅಳೆದಿದ್ದೆ ಎಂಬುದಕ್ಕೆ ಬಂದಾಗ ತಲೆ ಎತ್ತಿದಳು.

"ಸಾವ್ಕಾರನ ಹಗ್ಗದಾಗ ಅಳದಿದ್ದೇನು? ಅಯ್ಯ, ಅದು ಎರಡು ಮೊಳ ಉದ್ದ ಐತಲ್ಲ!"

"ನಿನಗ ಗೊತ್ತಿತ್ತಾ?"

"ಗುಂಪಿನಾಗ ಹಳಬರಿಗೆಲ್ಲಾ ಗೊತ್ತೈತಿ. ಬಾಯಿ ತೆಗದ್ರ ಬ್ಯಾರೆ ಗುಂಪು ಕರಸ್ತಾನ. ನೀ ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

ನನ್ನ ಸಿಟ್ಟಿಗೆ ದಾರಿ ಸಿಕ್ಕಿತು. "ನೀ ಕೇಳಿದ್ಯಾ? ಒಂದಿನಾರ, ಓಟ ಹೆಂಗಾತು ಅಂತ ಕೇಳಿದ್ಯಾ ನನ್ನ?" ಎಂದು ಕೂಗಿದೆ. ಪಕ್ಕದ ಮನೆಗೂ ಕೇಳಿರಬೇಕು.

ಅವ್ವ ಮೊರ ಕೆಳಗಿಟ್ಟಳು. "ದಿನಾ ನೀ ಬರೋವಾಗ ನಿನ್ನ ಮಾರಿ ನೋಡ್ತಿದ್ದೆ. ಇವತ್ತೂ ಆಗಿಲ್ಲ ಅಂತ ಗೊತ್ತಾಗ್ತಿತ್ತು. ಕೇಳಿದ್ರ, ಆಗಿಲ್ಲ ಅಂತ ನೀ ಬಾಯಿಬಿಟ್ಟು ಹೇಳಬೇಕಾಗ್ತಿತ್ತಲ್ಲವ್ವಾ. ಅದಕ್ಕ ಕೇಳಲಿಲ್ಲ" ಎಂದಳು.

ನಾನು ಅವಳ ಪಕ್ಕ ಕೂತು ಮೊರ ನನ್ನ ಕಡೆಗೆ ಎಳೆದುಕೊಂಡೆ. ಒಂದೇ ಒಲೆಯ ಮುಂದೆ ಕೂತು ಉಂಡವರು, ಇಬ್ಬರೂ ಬೇರೆಬೇರೆಯಾಗಿ ಅಷ್ಟು ದಿನ ಕಳೆದಿದ್ದೆವು. ಅವ್ವ ಅವತ್ತು ಮೊದಲ ಸಲ, ತರಬೇತಿಯಲ್ಲಿ ಏನೇನು ಮಾಡಿಸುತ್ತಾರೆ, ಊಟಕ್ಕೆ ಏನು ಕೊಡುತ್ತಾರೆ, ಜೊತೆಗೆ ಮಲಗಲು ಹುಡುಗಿಯರು ಇರುತ್ತಾರೋ ಇಲ್ಲವೋ ಎಂದು ಒಂದೊಂದಾಗಿ ಕೇಳತೊಡಗಿದಳು. ಎಲ್ಲದಕ್ಕೂ ಉತ್ತರ ಹೇಳಿದೆ. ನಾವಿಬ್ಬರೂ ಮಾತಾಡುವುದನ್ನು ಕಲಿತದ್ದು ನಾನು ಮನೆ ಬಿಡುವುದು ಖಾತ್ರಿಯಾದ ಮೇಲೆ.