ಮೀಟರಣ್ಣ ಬೀದಿಯನ್ನು ಊಟಕ್ಕೆ ಕರೆದದ್ದು

ಮೂವತ್ತೊಂದು ವರ್ಷ ಮನೆಮನೆಯ ವಿದ್ಯುತ್ ಮೀಟರ್ ಓದಿ ನಿವೃತ್ತನಾದ ಅವನನ್ನು ಎಲ್ಲರೂ ಮೀಟರಣ್ಣ ಎಂದೇ ಕರೆಯುತ್ತಿದ್ದರು. ಯಾವ ಗೇಟನ್ನು ಎತ್ತಿ ತಳ್ಳಬೇಕು, ಯಾವ ನಾಯಿ ಬೊಗಳದೆಯೇ ಕಚ್ಚುತ್ತದೆ, ಎಲ್ಲವೂ ಅವನಿಗೆ ಅಂಗೈ ನೆಲ್ಲಿಕಾಯಿ. ಆದರೆ ಹೊಸ್ತಿಲು ದಾಟಿ ಒಂದು ಮನೆಯೊಳಗೂ ಹೋದವನಲ್ಲ. ಒಳಗೆ ಯಾರಿದ್ದಾರೆ, ಏನು ಮಾಡುತ್ತಾರೆ ಎಂಬ ಕುತೂಹಲ ಮಾತ್ರ ಸದಾ ಕಚಗುಳಿ ಇಡುತ್ತಿತ್ತು. "ನಿಮಗೆ ಊರ ಉಸಾಬರಿಯೆಲ್ಲ ಬೇಕು" ಎಂದು ಹೆಂಡತಿ ಬೈಯುತ್ತಿದ್ದಳು.

ಒಂದು ಭಾನುವಾರ, ಹೊಸದಾಗಿ ಬಂದ ಪಾದ್ರಿಗಳು ಚರ್ಚಿನ ಮೆಟ್ಟಿಲ ಮೇಲೆ ಅವನನ್ನು ತಡೆದರು.

"ಈ ಬೀದೀಲಿ ಇಪ್ಪತ್ತೆಂಟು ಮನೆ. ಚರ್ಚಿಗೆ ಬರೋದು ಐದೇ. ಉಳಿದವರ ಮುಖಾನೇ ನಮಗೆ ಗೊತ್ತಿಲ್ಲ. ರಸ್ತೆಗೇ ಬೆಂಚು ಹಾಕಿ ಒಂದು ಸಂಜೆ ಎಲ್ಲರೂ ಒಟ್ಟಿಗೆ ಊಟ ಮಾಡೋಣ. ಉಪದೇಶ ಗಿಪದೇಶ ಏನೂ ಬೇಡ. ಕರೆಯೋ ಕೆಲಸ ನಿಮ್ಮದು."

"ಒಳಗೆ ಹೋಗಿ ಕರೀಬೇಕಾ ಫಾದರ್?" ಎಂದು ಮೀಟರಣ್ಣ ಕೇಳಿದ. ಹೌದೆಂದಾಗ ಅವನ ಮುಖ ಊರಗಲವಾಯಿತು.

ಅಂದಿನಿಂದ ದಿನಕ್ಕೆ ನಾಲ್ಕು ಮನೆ. ಮೀಸೆ ತಿರುವುತ್ತ ಬಸ್ಸು ಓಡಿಸುವ ಚಾಲಕ ಕಿಟಕಿಯ ಬಳಿ ಕುಳಿತು ಮಗಳ ಫ್ರಾಕಿಗೆ ಕಸೂತಿ ಹಾಕುತ್ತಿದ್ದ. ಹಲ್ಲಿನ ಡಾಕ್ಟರ ಮನೆಯ ಗೋಡೆಯ ತುಂಬ ನಿಂತುಹೋದ ಗಡಿಯಾರಗಳಿದ್ದವು. ಮೀಟರಣ್ಣ ಒಂದು ಮಾತು ಕೇಳಿದರೆ ಮನೆಯವರು ಹತ್ತು ಮಾತು ಹೇಳುತ್ತಿದ್ದರು.

ಹತ್ತೊಂಬತ್ತನೆಯ ಮನೆಯ ಮುಂದೆ ಅವನ ಹೆಜ್ಜೆ ನಿಧಾನವಾಯಿತು. ಅಲ್ಲಿರುವುದು ಗಂಡ ಹೆಂಡತಿ ಇಬ್ಬರೇ. ಆದರೂ ಮೀಟರಣ್ಣನ ನೌಕರಿಯ ಕೊನೆಯ ವರ್ಷದಲ್ಲಿ ಆ ಮನೆಯ ಮೀಟರ್ ಹುಚ್ಚು ಹಿಡಿದಂತೆ ಓಡುತ್ತಿತ್ತು. ಕೆಟ್ಟಿರಬೇಕೆಂದು ಬದಲಾಯಿಸಿದರೆ ಹೊಸದೂ ಹಾಗೆಯೇ ಓಡಿತ್ತು.

ಬಾಗಿಲು ಗೇಣಗಲ ತೆರೆಯಿತು. ಮೀಟರಣ್ಣ ಊಟಕ್ಕೆ ಕರೆದ.

"ಬರೋಕಾಗಲ್ಲ ಅಣ್ಣ. ಇವರನ್ನ ಬಿಟ್ಟು ಹತ್ತು ನಿಮಿಷ ಆಚೆ ಬರೋ ಹಾಗಿಲ್ಲ" ಎಂದಳು ಹೆಂಡತಿ. ಅವಳ ಹಿಂದಿನಿಂದ ಒಂದೇ ಸಮ ಗುಂಯ್‌ಗುಟ್ಟುವ ಸದ್ದು ಬರುತ್ತಿತ್ತು. "ಯಾರದು? ಒಳಗೆ ಕರಿ" ಎಂದಿತು ಒಂದು ಸಣ್ಣ ದನಿ.

ಕಿಟಕಿಗೆ ಒತ್ತಿ ಹಾಕಿದ ಮಂಚದ ಮೇಲೆ ಗಂಡ ಮಲಗಿದ್ದ; ಮೂಗಿಗೆ ಕೊಳವೆ, ಪಕ್ಕದಲ್ಲಿ ಹಗಲಿರುಳೂ ಓಡುವ ಆಕ್ಸಿಜನ್ ಯಂತ್ರ. ಕಲ್ಲು ಕೊಯ್ಯುವ ಕೆಲಸದ ದೂಳು ಅವನ ಶ್ವಾಸಕೋಶ ತಿಂದಿತ್ತು. ಇಷ್ಟು ದಿನ ತಾನು ಮೀಟರನ್ನು ಅನುಮಾನಿಸಿದ್ದಕ್ಕೆ ಮೀಟರಣ್ಣನಿಗೆ ನಾಚಿಕೆಯಾಯಿತು.

"ಒಂದು ಕೇಳಲಾ?" ಎಂದ ರೋಗಿ, ಉಸಿರು ಕೂಡಿಸಿಕೊಳ್ಳುತ್ತ. "ಬೆಳಿಗ್ಗೆ ಆರಕ್ಕೆ ಸಿಳ್ಳೆ ಹಾಕ್ಕೊಂಡು ಹೋಗೋದು ಯಾರು? ಮಧ್ಯಾಹ್ನ ಏನೋ ದಡದಡ ಉರುಳಿಸ್ತಾರಲ್ಲ, ಏನದು? ಎರಡು ವರ್ಷದಿಂದ ಕೇಳ್ತಾ ಇದ್ದೀನಿ. ಒಬ್ಬರ ಮುಖಾನೂ ನೋಡಿಲ್ಲ."

ತನ್ನಂಥವನೇ ಇನ್ನೊಬ್ಬ! "ಸಿಳ್ಳೆ ಬಸ್ ಡ್ರೈವರದು. ಇನ್ನೊಂದು ಗೊತ್ತಿಲ್ಲ, ಅವರನ್ನೇ ಕರ್ಕೊಂಡು ಬರ್ತೀನಿ" ಎಂದು ಎದ್ದ.

ಬೆಂಚುಗಳನ್ನು ಆ ಮನೆಯ ಕಿಟಕಿಯ ಮುಂದೆಯೇ ಹಾಕುವ ಮಾತು ಬಂದಾಗ ಚರ್ಚಿನ ಸಮಿತಿಯಲ್ಲಿ ಕಾರ್ಯದರ್ಶಿ ಒಪ್ಪಲಿಲ್ಲ. "ಚರ್ಚಿನ ಊಟ ಚರ್ಚಿನ ಮುಂದೇ ಆಗಬೇಕು. ಆ ತುದೀಲಿ ಮಾಡಿದ್ರೆ ನಮ್ಮದು ಅಂತ ಯಾರಿಗೆ ಗೊತ್ತಾಗುತ್ತೆ?"

ಸಭೆಯಲ್ಲಿ ಎಂದೂ ಬಾಯಿ ಬಿಡದ ಮೀಟರಣ್ಣ ಎದ್ದು ನಿಂತ. "ಬರೋಕಾಗದವರ ಹತ್ರ ನಾವೇ ನಾಲ್ಕು ಹೆಜ್ಜೆ ಹೋದ್ರೆ ಕಾಲು ಸವೆದುಹೋಗುತ್ತಾ?"

ಪಾದ್ರಿಗಳು ನಕ್ಕುಬಿಟ್ಟರು. ಶನಿವಾರ ಬೆಂಚಿನ ಒಂದು ತುದಿ ಹಿಡಿದು ಮುಂದೆ ನಡೆದವರೂ ಅವರೇ.

ಅಂದು ಕಿಟಕಿ ಪೂರ್ತಿ ತೆರೆದಿತ್ತು. ಚಾಲಕ ಬಂದು ಸಿಳ್ಳೆ ಹಾಕಿದ. ಬೇಕರಿಯವನು ದಿನವೂ ಉರುಳಿಸುವ ಖಾಲಿ ಗ್ಯಾಸ್ ಸಿಲಿಂಡರನ್ನು ತಂದು ಉರುಳಿಸಿಯೇ ತೋರಿಸಿದ. ರೋಗಿ ಕಣ್ಣು ಮುಚ್ಚಿ ಕೇಳಿ, ಕಣ್ಣು ತೆರೆದು ಮುಖ ನೋಡಿ, "ಓಹೋ, ನೀವಾ!" ಎನ್ನುತ್ತಿದ್ದ. ನಾಲ್ಕನೆಯ ಮನೆಯ ನರ್ಸಮ್ಮ ಯಂತ್ರದ ಪಕ್ಕ ಕುಳಿತಳು. ಅವನ ಹೆಂಡತಿ ಹೊರಗೆ ಬಂದು, ಎಲ್ಲರ ನಡುವೆ ಬಿಸಿಬಿಸಿ ಊಟ ಮಾಡಿದಳು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು, ಖಾರ ಎಂದಳು. ಯಾರೂ ನಂಬಲಿಲ್ಲ.

ಆಮೇಲೆ ಚರ್ಚಿಗೆ ಹೊಸದಾಗಿ ಬಂದದ್ದು ಒಂದೇ ಸಂಸಾರ. ಕಾರ್ಯದರ್ಶಿ ಗೊಣಗಿದರು. ಆದರೆ ಬೀದಿಯವರು ಸರದಿ ಹಾಕಿಕೊಂಡು ರೋಗಿಯ ಬಳಿ ಕುಳಿತರು. ಅವನು ಮತ್ತೆ ಹನ್ನೊಂದು ತಿಂಗಳು ಬದುಕಿದ. ಮಣ್ಣು ಮಾಡಲು ಇಪ್ಪತ್ತೆಂಟು ಮನೆಯವರೂ ನಡೆದರು.

ಮರುವರ್ಷ ಪಕ್ಕದ ಬೀದಿಯವರನ್ನು ಕರೆಯಲು ಹೊರಟಾಗ ತೀರಿಕೊಂಡವನ ಹೆಂಡತಿಯೂ ಮೀಟರಣ್ಣನ ಜೊತೆಗಿದ್ದಳು.

"ಆ ಹಸಿರು ಬಾಗಿಲಿನ ಮನೇಲಿ ಯಾರಿದ್ದಾರೆ ಅಣ್ಣ?"

"ಯಾರಿಗೆ ಗೊತ್ತಮ್ಮ? ಬಾ, ತಟ್ಟೋಣ."