ಪಾರೀಸಣ್ಣನ ಕೈನಡುಕ

ನಮ್ಮ ಓಣಿಯ ಪಾರೀಸಣ್ಣ ಒಳ್ಳೆಯ ಡ್ರೈವರ, ಆದರೆ ತನ್ನ ಸಂಕಟ ಯಾರಿಗೂ ಹೇಳದ ಹಟಮಾರಿ. ಇಚಲಕರಂಜಿಯ ನೂಲಿನ ವ್ಯಾಪಾರಿ ಭೀಮಗೊಂಡರ ಸಣ್ಣ ಲಾರಿ ಅವನ ಕೈಯಲ್ಲಿತ್ತು. ಮುಂಜಾನೆ ನೂಲಿನ ಗಂಟು ಹೇರಿಕೊಂಡು ಗಡಹಿಂಗ್ಲಜಕ್ಕೆ ಹೋಗಿ, ಇಳಿಸಿ, ಖಾಲಿ ಗಾಡಿಯಲ್ಲಿ ಒಬ್ಬನೇ ಬರುತ್ತಿದ್ದ. ಹೊತ್ತು ಮುಳುಗಿದ ಮೇಲೆ ಜೈನರು ಉಣ್ಣುವುದಿಲ್ಲವಲ್ಲ, ಬರುವಾಗ ಅವನ ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಸೂರ್ಯನ ಮೇಲೆ.

ಸಾವಿರದ ಒಂಬೈನೂರ ನಲವತ್ನಾಲ್ಕರಲ್ಲಿ, ಯುದ್ಧದ ದೆಸೆಯಿಂದ ಹೊಸ ಟಾಯರು ಕಣ್ಣಿಗೂ ಬೀಳದ ಕಾಲದಲ್ಲಿ, ಅವನ ಕೈ ನಡುಗತೊಡಗಿತು. ಸಂಕೇಶ್ವರ ದಾಟಿ ನಿಪ್ಪಾಣಿಯ ಹಸನಾದ ರಸ್ತೆ ಹಿಡಿದರೆ ಸಾಕು, ಸ್ಟೇರಿಂಗಿನ ಮೇಲೆ ಎರಡೂ ಮುಂಗೈ ಥರಥರ, ಕಿವಿಯಲ್ಲಿ ಗುಂಯ್ ಎಂಬ ಸದ್ದು. ಗಾಡಿಯದೇ ದೋಷವೆಂದು ಕೊಲ್ಹಾಪುರದ ಮಿಸ್ತ್ರಿ ಸಾತಪ್ಪನಿಗೆ ತೋರಿಸಿದ. ಸಾತಪ್ಪ ಗಲ್ಲಿಗಳಲ್ಲಿ ಎರಡು ಸುತ್ತು ಹೊಡೆದು ಬಂದು, "ಗಾಡಿ ಛಲೋ ಐತ್ರಿ. ಡಾಕ್ಟರಿಗೆ ನಿಮ್ಮ ಕೈ ತೋರಸ್ರಿ," ಎಂದು ನಕ್ಕ.

ಪಾರೀಸಣ್ಣನಿಗೆ ಅಪ್ಪನ ನೆನಪಾಯಿತು. ಅವನ ಅಪ್ಪನಿಗೆ ಐವತ್ತಕ್ಕೇ ಕೈನಡುಕ ಬಂದು, ಕಡೆಗೆ ಅವ್ವನೇ ತುತ್ತು ಮಾಡಿ ಉಣ್ಣಿಸುತ್ತಿದ್ದಳು. ಇವನಿಗೀಗ ನಲವತ್ತೊಂಬತ್ತು. ನಡುಗುವ ಕೈಗೆ ಯಾವ ಮಾಲಕ ಗಾಡಿ ಕೊಡುತ್ತಾನೆ?

ಆಮೇಲೆ ಅವನ ತಲೆಯೇ ಕೆಟ್ಟಿತು. ಹೋಗುವಾಗ ಇಲ್ಲದ ನಡುಕ ಬರುವಾಗ ಇರುತ್ತಿತ್ತು. ದಣಿವು ಎನ್ನೋಣವೇ? ಅಷ್ಟಮಿ, ಚತುರ್ದಶಿಯಂದು ಅವನದು ಒಂದೇ ಹೊತ್ತಿನ ಊಟ, ಅದೂ ಮಧ್ಯಾಹ್ನ. ಆ ದಿನಗಳಲ್ಲಿ ಬರುವಾಗಲೂ ಕೈ ಗಟ್ಟಿ! ಪರೀಕ್ಷೆಗೆಂದು ಒಂದು ವಾರ ಸಂಜೆಯ ಊಟವನ್ನೇ ಬಿಟ್ಟ. ನಡುಕವಿಲ್ಲ. ಮತ್ತೆ ಉಣ್ಣತೊಡಗಿದ, ನಡುಕ ಹಾಜರ್. ಇದ್ಯಾವ ಸುಡುಗಾಡು ರೋಗ? ಸ್ಟೇರಿಂಗ್ ಒಂದು ಗಳಿಗೆ ಬಿಟ್ಟು ನೋಡಿದ್ದರೆ ತಿಳಿಯುತ್ತಿತ್ತು ಎಂದು ನಾನು ಕೂತಲ್ಲಿಂದ ಹೇಳಬಲ್ಲೆ. ಅಂಜಿದವನು ಬಿಟ್ಟಾನೆಯೇ? ಇನ್ನಷ್ಟು ಬಿಗಿಯಾಗಿ ಹಿಡಿದ. ಹೀಗೇ ನಾಲ್ಕು ತಿಂಗಳು ಕಳೆದವು.

ಕೊನೆಗೆ, ನಾಳೆ ಭೀಮಗೊಂಡರಿಗೆ ಚಾವಿ ಒಪ್ಪಿಸಿಬಿಡುವುದೆಂದು ಗಟ್ಟಿ ಮಾಡಿದ. ಅವತ್ತು ಗಡಹಿಂಗ್ಲಜದ ತವರಿನಲ್ಲಿದ್ದ ಹೆಂಡತಿ ಜಿನಮತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಸಂಕೇಶ್ವರ ದಾಟುವಾಗ ಸೂರ್ಯ ಕೆಳಗಿಳಿದಿದ್ದ. ಪಾರೀಸಣ್ಣ ಗಾಡಿ ಜೋರಾಗಿ ಓಡಿಸಿದ. ಕೈ ನಡುಗಿತು. ಸ್ಟೇರಿಂಗ್ ಇನ್ನಷ್ಟು ಬಿಗಿಹಿಡಿದ.

"ಏನ್ರೀ ಇದು! ನನ್ನ ಕೈಯಾನ ಬಳಿ ತಮ್ಮಷ್ಟಕ್ಕ ತಾವ ಕುಣ್ಯಾಕತ್ತಾವಲ್ರೀ!" ಎಂದಳು ಜಿನಮತಿ.

ಅವಳ ಕೈ ಸುಮ್ಮನೆ ಮಡಿಲಲ್ಲಿತ್ತು. ಹಸಿರು ಬಳೆಗಳು ಮಾತ್ರ ಕಿಣಿಕಿಣಿ ಎನ್ನುತ್ತಿದ್ದವು. ಅವನು ವೇಗ ಇಳಿಸಿದ, ಬಳೆ ಸುಮ್ಮನಾದವು. ಏರಿಸಿದ, ಮತ್ತೆ ಕುಣಿದವು. ಮೂರು ಸಲ ಹಾಗೇ ಮಾಡಿದ.

"ಇದೇನ ಹುಡುಗಾಟರೀ? ಹೊತ್ತ ಮುಳಗಾಕತ್ತೈತಿ, ಲಗೂ ಹೊಡೀರಿ!"

"ಲಗೂ ಹೊಡದ್ರನ ನಡಗತೈತಿ," ಎಂದ ಪಾರೀಸಣ್ಣ, ತನ್ನ ಮಾತಿಗೆ ತಾನೇ ಬೆರಗಾಗಿ. ಹೇರು ಇದ್ದಾಗ ಓಟವಿಲ್ಲ. ಸಾತಪ್ಪನ ಗಲ್ಲಿಯಲ್ಲಿ ಓಟವಿಲ್ಲ. ಸಂಜೆ ಉಣ್ಣದ ದಿನ ಅವಸರವೇ ಇಲ್ಲ.

ಗಾಡಿ ನಿಲ್ಲಿಸಿ ಮುಂದಿನ ಗಾಲಿ ಸವರಿದ. ಮಳೆಗಾಲದಲ್ಲಿ ಹರಿದ ಟಾಯರಿನೊಳಗೆ ಹಾಕಿಸಿದ್ದ ದಪ್ಪ ತೇಪೆ ಒಂದು ಕಡೆ ಉಬ್ಬಿ ನಿಂತಿತ್ತು. ಅದರ ಭಾರಕ್ಕೇ ಗಾಲಿ ಓಟದಲ್ಲಿ ಒದ್ದು ಸ್ಟೇರಿಂಗನ್ನು ನಡುಗಿಸುತ್ತಿತ್ತು. ಪಾರೀಸಣ್ಣ ಅಲ್ಲೇ ನೆಲಕ್ಕೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಅಷ್ಟರಲ್ಲಿ ಹೊತ್ತು ಮುಳುಗಿತು.

ಜಿನಮತಿಗೆ ಏನೊಂದೂ ತಿಳಿಯಲಿಲ್ಲ. "ಟಾಯರಿಗೆ ಯಾರರ ಅಳ್ತಾರೇನ್ರೀ? ಈಗ ಇಬ್ಬರಿಗೂ ಉಪಾಸ," ಎಂದು ಸಿಡುಕಿದಳು.

"ನನ್ನ ಕೈ ಹಿಡಿ. ನಡಗತೈತೇನ ನೋಡ."

ಹಿಡಿದಳು. "ಇಲ್ಲಲ್ರೀ. ಯಾಕ ನಡಗಬೇಕು?"

ಆಗ ಅವನು ಎಲ್ಲವನ್ನೂ ಹೇಳಿದ. ಅವಳು ಹಿಡಿದ ಕೈ ಬಿಡಲಿಲ್ಲ.

"ನಾಕ ತಿಂಗಳಾ," ಎಂದಳು. "ನಾಕ ತಿಂಗಳಾ ನೀವೊಬ್ಬರ ಅಂಜಿಕೋತ ಬಂದ್ರೇನ್ರೀ?"